ಪ್ರಕ್ಷೇಪ ತೋರಿಸೋಕೆ ನನ್ನ ಓಟು ಮೈಲುತುತ್ತಕ್ಕೆ

ಜೂನ್ ಬಂದರೆ ಹತ್ತನೇ ತರಗತಿಯ ಮೊದಲ ರಸಾಯನಶಾಸ್ತ್ರ ಪಾಠ ಶುರು. ಎರಡು ತಿಳಿಯಾದ ದ್ರಾವಣ ಬೆರೆಸಿದಾಗ ಕರಗದ ವಸ್ತು ಹುಟ್ಟಿ ಕೆಳಗೆ ಕೂರುವುದನ್ನು, ಅಂದರೆ ಪ್ರಕ್ಷೇಪವನ್ನು, ಮಕ್ಕಳಿಗೆ ತೋರಿಸಲೇಬೇಕು. ಪುಸ್ತಕ ಇದಕ್ಕೆ ಎರಡು ಜೋಡಿ ಕೊಡುತ್ತದೆ. ಒಂದು, ಸೀಸದ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್. ಇನ್ನೊಂದು, ಸೋಡಿಯಂ ಸಲ್ಫೇಟ್ ಮತ್ತು ಬೇರಿಯಂ ಕ್ಲೋರೈಡ್. ಮೂರನೇ ಜೋಡಿ ನಮ್ಮೂರಿನ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ: ಮೈಲುತುತ್ತ (ತಾಮ್ರದ ಸಲ್ಫೇಟ್), ಜೊತೆಗೆ ಸುಣ್ಣ. ಮೂರನ್ನೂ ಮಕ್ಕಳ ಕೈಲಿ ಮಾಡಿಸಿ ನೋಡಿದ್ದೇನೆ. ನಾನು ಮೂರನೆಯದರ ಕಡೆಯವಳು, ಮೊದಲೇ ಹೇಳಿಬಿಡುತ್ತೇನೆ.

ಚೆಂದದಲ್ಲಿ ಸೀಸದ್ದೇ ಗೆಲುವು, ಅದರಲ್ಲಿ ವಾದವೇ ಇಲ್ಲ. ಬಣ್ಣವಿಲ್ಲದ ಎರಡು ನೀರು ಸೇರಿದ ಕೂಡಲೇ ಅರಿಶಿನದ ಹಳದಿ ಏಳುತ್ತದೆ. ಅದನ್ನು ಕಾಯಿಸಿದರೆ ಕರಗಿ ಮಾಯ. ತಣ್ಣಗಾಗಲು ಬಿಟ್ಟರೆ ಚಿನ್ನದ ಪುಡಿಯಂಥ ಹಾಳೆಗಳು ಮಿನುಗುತ್ತಾ ಇಳಿಯುತ್ತವೆ. ಈ ಹಳದಿ, ಅಂದರೆ ಸೀಸದ ಅಯೋಡೈಡ್, 20 ಡಿಗ್ರಿಯ 100 ಮಿಲೀ ನೀರಿನಲ್ಲಿ ಸುಮಾರು 0.07 ಗ್ರಾಂ ಮಾತ್ರ ಕರಗುತ್ತದೆ, ಕುದಿಯುವ ನೀರಿನಲ್ಲಾದರೆ 0.4 ಗ್ರಾಂವರೆಗೆ. ಶಾಖ ಏರಿದರೆ ವಿಲೀನತೆ ಏರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕುವುದು ಕಷ್ಟ. ಆದರೆ ಸೀಸ ವಿಷ. ನಲವತ್ತು ಮಕ್ಕಳು ಚೆಲ್ಲಿದ್ದನ್ನು, ತೊಳೆದದ್ದನ್ನು ಎಲ್ಲಿ ಸುರಿಯುವುದು? ನಮ್ಮ ಲ್ಯಾಬಿನ ಸಿಂಕ್ ನೀರು ನೇರ ತೆಂಗಿನ ಮರದ ಬುಡಕ್ಕೆ ಹೋಗುತ್ತದೆ. ಪೊಟ್ಯಾಸಿಯಂ ಅಯೋಡೈಡ್ ದುಬಾರಿ ಬೇರೆ. ಬಾಟಲಿ ಮುಚ್ಚಳ ಸರಿ ಹಾಕದಿದ್ದರೆ ಬಿಳಿ ಹರಳು ಹಳದಿಯಾಗಿ ಕೂರುತ್ತದೆ. ಚೆನ್ನಾಗಿ ಬರಲಿ ಅಂತ ಯಾರಾದರೂ ಅಯೋಡೈಡನ್ನು ಗಟ್ಟಿಯಾಗಿ ಜಾಸ್ತಿ ಸುರಿದರೆ, ಬಂದ ಹಳದಿಯೂ ಕರಗಿಹೋಗುತ್ತದೆ.

ಇನ್ನು ಬೇರಿಯಂ. ಕಾಗದದ ಮೇಲೆ ಇದರಷ್ಟು ಸುಲಭದ್ದು ಬೇರೆ ಇಲ್ಲ. ಎರಡರಲ್ಲೂ 3 ಮಿಲೀ ತಗೊಳ್ಳಿ, ಬೆರೆಸಿ, ಬೆಳ್ಳಗಾಗುತ್ತದೆ, ಮುಗೀತು. ನಮ್ಮ ಶಾಲೆಯಲ್ಲಿ ಬೆರೆಸುವ ಮೊದಲೇ ಬೆಳ್ಳಗಾಗುತ್ತದೆ!

ನಾವಿರುವುದು ಚನ್ನಗಿರಿ ಕಡೆ. ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂಥ ಗಡಸು ನೀರು. ಅದರಲ್ಲಿ ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಇರುತ್ತದೆ. ಬೇರಿಯಂ ಕ್ಲೋರೈಡ್ ಹರಳನ್ನು ಅದಕ್ಕೆ ಹಾಕಿ ಅಲ್ಲಾಡಿಸಿದರೆ ದ್ರಾವಣ ಮಬ್ಬಾಗಿ ಬಿಡುತ್ತದೆ. ಹೀಗೆ ಹುಟ್ಟುವ ಬೇರಿಯಂ ಸಲ್ಫೇಟ್ ಲೀಟರ್ ನೀರಿನಲ್ಲಿ 2 ಮಿಲಿಗ್ರಾಂ ಚಿಲ್ಲರೆಯಷ್ಟೇ ಕರಗುವುದು, ಹಾಗಾಗಿ ಸಲ್ಫೇಟ್ ಒಂಚೂರು ಇದ್ದರೂ ಸಾಕು. ಮುಂದಿನ ಬೆಂಚಿನ ಹುಡುಗಿ ಪ್ರನಾಳ ಎತ್ತಿ ಹಿಡಿದು "ಮೇಡಂ, ಇದು ಆಗ್ಲೇ ಹಾಲಾಗೈತಲ್ಲ, ಇನ್ನೇನು ಬೆರೆಸೋದು?" ಅಂದಳು. ನ್ಯಾಯವಾದ ಪ್ರಶ್ನೆ ಅಲ್ವಾ? ಹಿಂದೆ ತೀರ್ಥಹಳ್ಳಿ ಕಡೆ ಇದ್ದಾಗ ಬಾವಿ ನೀರಲ್ಲಿ ಈ ತಕರಾರೇ ಇರಲಿಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಿಸಿದೆ. ಮಬ್ಬು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಬ್ಯಾಟರಿ ನೀರು ತಂದೆ. ಭಟ್ಟಿ ಇಳಿಸಿದ ನೀರು ಅಂತಲೇ ಅಂಗಡಿಯವರು ಕೊಟ್ಟಿದ್ದು. ಅದಕ್ಕೆ ಬೇರಿಯಂ ಹಾಕಿದರೆ ನಲ್ಲಿ ನೀರಿಗಿಂತ ಬೆಳ್ಳಗಾಯಿತು! ಕ್ಯಾನಿನ ಮುಚ್ಚಳದ ಒಳಗೆ ಲಿಟ್ಮಸ್ ಕಾಗದ ಒತ್ತಿದೆ, ನೀಲಿ ಕೆಂಪಾಯಿತು. ಬ್ಯಾಟರಿಗೆ ಹಾಕುವುದು ಸಲ್ಫ್ಯೂರಿಕ್ ಆಮ್ಲ, ಅದರಲ್ಲೂ ಸಲ್ಫೇಟೇ. ಆಮ್ಲ ಇದ್ದ ಕ್ಯಾನಿಗೇ ನೀರು ತುಂಬಿಸಿದ್ದರು. ಕೊನೆಗೆ ಲ್ಯಾಬ್ ಸಾಮಾನಿನ ಅಂಗಡಿಯ ಸೀಲ್ ಇದ್ದ ಬಾಟಲಿಯೇ ಗತಿ. ನೀರಿಗೂ ದುಡ್ಡು, ಬಸ್ ಚಾರ್ಜೂ ಸೇರಿತು. ಮಳೆ ಸರಿಯಾಗಿ ಬಂದ ದಿನ ಬಯಲಲ್ಲಿ ಬಕೆಟ್ ಇಟ್ಟು ಹಿಡಿದ ನೀರು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮಳೆಗೆ ನಮ್ಮ ಟೈಂಟೇಬಲ್ ಗೊತ್ತಿಲ್ಲ.

ನೀರು ಸರಿಯಿದ್ದರೂ ಬೇರಿಯಂ ಸಲ್ಫೇಟಿನ ಕಣ ತೀರಾ ಸಣ್ಣದು. ತಣ್ಣಗಿದ್ದಾಗಲೇ ಸೋಸಿದರೆ ಫಿಲ್ಟರ್ ಕಾಗದದಿಂದಲೂ ನುಸುಳಿ ಕೆಳಗೆ ಬರುತ್ತದೆ. ಇಷ್ಟಾಗಿಯೂ ಒಂದು ವಿಷಯಕ್ಕೆ ನಾನು ಇದನ್ನು ಬಿಡಲಾರೆ. ಬೇರಿಯಂ ಕ್ಲೋರೈಡ್ ಕರಗುತ್ತದೆ, ಅದು ವಿಷ. ಬೇರಿಯಂ ಸಲ್ಫೇಟ್ ಕರಗುವುದಿಲ್ಲ, ಅದನ್ನು ಹೊಟ್ಟೆಯ ಕೆಲವು ಎಕ್ಸ್‌ರೇ ತೆಗೆಯುವ ಮೊದಲು ರೋಗಿಗೆ ಕುಡಿಸುತ್ತಾರೆ. ಇದನ್ನು ಹೇಳಿದ ದಿನ ತರಗತಿ ನಿಜವಾಗಿ ಕಿವಿ ನಿಮಿರಿಸಿತ್ತು.

ಬೆಳ್ಳಿಯ ನೈಟ್ರೇಟ್ ಮತ್ತು ಉಪ್ಪು ಅನ್ನುವವರಿದ್ದಾರೆ. ಬೆಲೆ ಕೇಳಿ ಸುಮ್ನಾದೆ.

ಈಗ ಮೈಲುತುತ್ತ. ಅಯೋಡೈಡಿನ ಒಂದು ಸಣ್ಣ ಬಾಟಲಿಗೆ ಕೊಟ್ಟ ದುಡ್ಡಲ್ಲಿ ಇದು ಕೆಜಿಗಿಂತ ಜಾಸ್ತಿ ಬಂತು. ಸುಣ್ಣ ಮಕ್ಕಳೇ ತರುತ್ತಾರೆ. ಹಿಂದಿನ ಸಂಜೆ ಸುಣ್ಣವನ್ನು ನೀರಲ್ಲಿ ಕದಡಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಳ್ಳುತ್ತೇನೆ. ಅದಕ್ಕೆ ಡ್ರಾಪರ್‌ನಿಂದ ಮೈಲುತುತ್ತದ ನೀರು ಬಿಟ್ಟರೆ, ಪ್ರತಿ ಹನಿಯೂ ಬಿದ್ದಲ್ಲೇ ತಿಳಿ ನೀಲಿ ಮುದ್ದೆಯಾಗಿ, ಬಾಲ ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಪಾಠ ಮುಗಿಯುವಷ್ಟರಲ್ಲಿ ತಳದಲ್ಲಿ ನೀಲಿ, ಮೇಲೆ ತಿಳಿನೀರು. ಕೊನೇ ಬೆಂಚಿಗೂ ಕಾಣುತ್ತದೆ. ನೀರು ಗಡಸಿದ್ದರೂ ಬಣ್ಣದ ಮುಂದೆ ಆ ಮಬ್ಬು ಲೆಕ್ಕಕ್ಕಿಲ್ಲ.

ಆ ನೀಲಿ ತಾಮ್ರದ ಹೈಡ್ರಾಕ್ಸೈಡ್. ಸ್ವಲ್ಪ ತೆಗೆದು ನಿಂಬೆರಸ ಹಿಂಡಿದರೆ ಮತ್ತೆ ಕರಗುತ್ತದೆ. ಸುಣ್ಣ ಜಾಸ್ತಿ ಇಟ್ಟು ಕಾಯಿಸಿದರೆ ಕಪ್ಪಗಾಗುತ್ತದೆ, ತಾಮ್ರದ ಆಕ್ಸೈಡ್. ಸುಣ್ಣದ ತಿಳಿಯನ್ನೇ ಕುದಿಸಿ ನೋಡಿ, ಮಬ್ಬಾಗುತ್ತದೆ. ಯಾಕೆಂದರೆ ಸುಣ್ಣ ಬಿಸಿ ನೀರಿಗಿಂತ ತಣ್ಣೀರಲ್ಲೇ ಜಾಸ್ತಿ ಕರಗುವುದು. ಸೀಸದ ಅಯೋಡೈಡಿಗೆ ತೀರಾ ಉಲ್ಟಾ.

ಅರ್ಧ ತರಗತಿ ಅಡಿಕೆ ತೋಟದವರ ಮಕ್ಕಳು. "ಮೇಡಂ, ಇದು ಬೋರ್ಡೋ!" ಅಂತ ಅವರೇ ಕೂಗುತ್ತಾರೆ. ಹೌದು, ಕೊಳೆರೋಗಕ್ಕೆ ಹೊಡೆಯುವ ಔಷಧಿ ಇದೇ ಪ್ರಕ್ಷೇಪ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಗೆಂದು ಇದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಕೆಲಸ ಮಾಡಿ ಇದೇ ದಾರಿ ತೋರಿಸಿದರು. ಮದ್ದು ಹದವಾಗಿದೆಯೇ ಅಂತ ನೋಡಲು ತೋಟದಲ್ಲಿ ಉಜ್ಜಿದ ಚಾಕು ಅದ್ದುತ್ತಾರಲ್ಲ, ಕೆಂಪು ಪೊರೆ ಹತ್ತಿದರೆ ಇನ್ನೂ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು ಅಂತ ಅರ್ಥ. ಅದೇ ಪಾಠದಲ್ಲಿ ಮೊಳೆಯನ್ನು ತಾಮ್ರದ ಸಲ್ಫೇಟಿಗೆ ಇಳಿಬಿಡುವ ಚಟುವಟಿಕೆಯೂ ಇದೆ. ಒಂದೇ ಲೋಟದಲ್ಲಿ ಎರಡು ಪಾಠ.

ಮೈಲುತುತ್ತವೂ ಸಾಧು ಅಲ್ಲ. ಬಾಯಿಗೆ ಹೋಗಬಾರದು, ಕೆರೆಗೆ ಬಿಡಬಾರದು, ಮೀನು ಸಾಯುತ್ತವೆ. ಉಳಿದದ್ದಕ್ಕೆಲ್ಲ ಸುಣ್ಣ ಸೇರಿಸಿ ತಳಕ್ಕೆ ಕೂರಿಸಿ, ಆ ಕೆಸರನ್ನು ಡಬ್ಬಿಯಲ್ಲಿ ಎತ್ತಿಡುತ್ತೇನೆ.

ಹತ್ತಿರದಲ್ಲಿ ಒಳ್ಳೆ ನೀರು, ಬಜೆಟ್ಟು, ಲ್ಯಾಬಿಗೊಬ್ಬ ಸಹಾಯಕ ಇರುವವರು ಬೇರಿಯಂ ಮಾಡಿಸಲಿ. ನನಗೆ ಮೂರೂ ಇಲ್ಲ, ಕೈತುಂಬಾ ಮಕ್ಕಳಿದ್ದಾರೆ. ಸೀಸವನ್ನು ಪೂರ್ತಿ ಬಿಟ್ಟಿಲ್ಲ. ತೊಳೆದ ಹಳದಿಯನ್ನು ಸ್ವಲ್ಪವೇ ಒಂದು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ನೀರಿನ ಜೊತೆ ಇಟ್ಟಿದ್ದೇನೆ. ಬಿಸಿನೀರಲ್ಲಿ ಅದ್ದಿ ತೆಗೆದರೆ ಪ್ರತಿ ವರ್ಷ ಅದೇ ಚಿನ್ನದ ಮಳೆ, ಚೆಲ್ಲುವ ಮಾತೇ ಇಲ್ಲ. ಪರೀಕ್ಷೆಗೆ ಮಾತ್ರ ಪುಸ್ತಕದ ಜೋಡಿಗಳದ್ದೇ ಸಮೀಕರಣ ಬರೆಸುತ್ತೇನೆ. ಬೋರ್ಡೋ ಅಂತ ಬರೆದರೆ ಪೇಪರ್ ತಿದ್ದುವವರು ಅಂಕ ಕೊಡ್ತಾರೋ ಇಲ್ಲವೋ, ಯಾರು ಕಂಡವರು.