ಮಡಗಾಂವಿನಲ್ಲಿ ನೋಡಿದ ಮಡಚುವ ರೂಫಿನ ಕಾರು

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಕುಷನ್ ಅಂಗಡಿ. ರಿಕ್ಷಾ ಹುಡ್, ಜೀಪ್ ಹುಡ್, ಬೈಕ್ ಸೀಟು, ಒಮ್ಮೊಮ್ಮೆ ಬೋಟಿನ ಟಾರ್ಪಾಲು. ಅದಕ್ಕೇ ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನ್ ಮಾಡಿದ್ದು. "ಮಾಮ, ಬಟ್ಟೆ ರೂಫಿನ ಕಾರೊಂದು ಮಾರಾಟಕ್ಕಿದೆ. ನೀನೇ ಬಂದು ನೋಡಬೇಕು" ಅಂದ. ನಗು ಬಂತು. ನಮ್ಮ ಮಳೆಗೆ ಕೊಡೆಯೇ ಸಾಲುವುದಿಲ್ಲ, ಇವನಿಗೆ ಮೇಲೆ ತೆರೆದ ಕಾರು ಬೇಕಂತೆ! ಆದರೂ ಹೋದೆ. ಇಂಥ ರೂಫನ್ನು ಹತ್ತಿರದಿಂದ ನೋಡುವ ಆಸೆ ನನಗೂ ಇತ್ತು ಅನ್ನಿ.

ಮಾರುವವರ ಹೆಸರು, ಕಾರಿನ ಕಂಪನಿಯ ಹೆಸರು ಎರಡೂ ಬರೆಯುವುದಿಲ್ಲ. ಹತ್ತು ವರ್ಷ ಓಡಿದ ಗಾಡಿಯ ತೊಂದರೆಗೆ ಕಂಪನಿಯನ್ನು ಬೈದು ಏನು ಪ್ರಯೋಜನ? ನಾಲ್ಕು ಸೀಟು, ಕಪ್ಪು ಬಟ್ಟೆ, ಗುಂಡಿ ಒತ್ತಿದರೆ ತಾನೇ ಮಡಚಿಕೊಂಡು ಹಿಂದೆ ಹೋಗಿ ಕೂರುವ ರೂಫು. ಕೇಳಿದ್ದು 17 ಲಕ್ಷ.

ಕಾರಿದ್ದದ್ದು ಗೋವಾದ ಮಡಗಾಂವಿನಲ್ಲಿ, ಹಳೇ ಕಾರು ಮಾರುವ ಅಂಗಡಿಯೊಂದರಲ್ಲಿ. ಇಲ್ಲಿಂದ ಹತ್ತಿರ ಹತ್ತಿರ 70 ಕಿಲೋಮೀಟರ್. ಒಂಬತ್ತೂವರೆಗೆ ಬರುತ್ತೇವೆ ಅಂತ ಮೊದಲೇ ಹೇಳಿದ್ದೆವು. ಹೋಗಿ ನೋಡಿದರೆ ರೂಫು ಆಗಲೇ ತೆರೆದಿತ್ತು. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ. ಡ್ಯಾಶ್‌ಬೋರ್ಡಿನ ಗಡಿಯಾರ 12:40 ತೋರಿಸುತ್ತಿತ್ತು. ನನ್ನ ಕೈಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ಬ್ಯಾಟರಿ ಕಳಚಿ ಹಾಕಿದರೆ ಇಂಥ ಗಡಿಯಾರ ಮತ್ತೆ 12ರಿಂದ ಶುರುವಾಗುತ್ತದೆ. ಅಂದ್ರೆ ನಲವತ್ತು ನಿಮಿಷದ ಹಿಂದೆ ಯಾರೋ ಬ್ಯಾಟರಿ ಕಳಚಿ ಮತ್ತೆ ಹಾಕಿದ್ದಾರೆ, ಎಂಜಿನ್ ಓಡಿಸಿದ್ದಾರೆ, ರೂಫನ್ನೂ ಒಂದೆರಡು ಸಲ ಆಡಿಸಿಟ್ಟಿದ್ದಾರೆ ಅಂತ ನನ್ನ ಲೆಕ್ಕ. ಇಂಥ ಗಾಡಿಯನ್ನು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ ನೋಡಬೇಕು. ರೂಫನ್ನು ಎತ್ತಿಳಿಸುವ ಪಂಪಿನ ಎಣ್ಣೆ, ಬ್ಯಾಟರಿ ಎರಡರ ನಿಜ ಬಣ್ಣ ಆಗ ಗೊತ್ತಾಗುತ್ತದೆ.

ಅಂಗಡಿಯ ಹುಡುಗ ಗುಂಡಿ ಒತ್ತಿದ. ಕಿಟಕಿ ಗಾಜು ಕೆಳಗಿಳಿಯಿತು, ಹಿಂದಿನ ಮುಚ್ಚಳ ಎದ್ದಿತು, ರೂಫು ಎದ್ದು ಬಂದು ಮುಂದೆ ಕಚ್ಚಿಕೊಂಡಿತು. ಅಳಿಯ ಮೊಬೈಲಿನಲ್ಲಿ ಅಳೆದ, 23 ಸೆಕೆಂಡ್. ಕಂಪನಿ ಹೇಳುವುದಕ್ಕಿಂತ ಐದು ಜಾಸ್ತಿ. ನೀವು ಯಾವ ಕಾರು ನೋಡಲು ಹೋಗುತ್ತೀರೋ ಅದರ ಲೆಕ್ಕ ಮೊದಲೇ ತಿಳಿದುಕೊಳ್ಳಿ. ಮಿನಿ ಕನ್ವರ್ಟಿಬಲ್‌ಗೆ 18 ಸೆಕೆಂಡ್, ಗಾಡಿ 30 ಕಿಲೋಮೀಟರ್ ವೇಗದಲ್ಲಿದ್ದರೂ ನಡೆಯುತ್ತದೆ. ಆಡಿ ಎ3 ಕ್ಯಾಬ್ರಿಯೋಲೆಗೂ 18, ಅದಕ್ಕೆ 50 ಕಿಲೋಮೀಟರ್ ತನಕ ಅವಕಾಶ. ಬಟ್ಟೆ ರೂಫಿನ ಬಿಎಂಡಬ್ಲ್ಯೂ ಝಡ್4ಗೆ ಬರೀ 10 ಸೆಕೆಂಡ್ ಸಾಕಂತೆ.

ತೆರೆದದ್ದನ್ನೂ ಮುಚ್ಚಿದ್ದನ್ನೂ ಎಲ್ಲರೂ ತೋರಿಸುತ್ತಾರೆ. ಅರ್ಧಕ್ಕೆ ನಿಲ್ಲಿಸಿ ಯಾರೂ ತೋರಿಸುವುದಿಲ್ಲ. ಮೂರನೇ ಸಲ ರೂಫು ಮೇಲೆ ಹೋಗುತ್ತಿದ್ದಾಗ "ಗುಂಡಿ ಬಿಡು" ಅಂದೆ. ಹುಡುಗ ಬಿಟ್ಟ. ಗಾಳಿಗೆ ಸಿಕ್ಕ ಕೊಡೆಯ ಹಾಗೆ ರೂಫು ಮೇಲೆ ನಿಂತಿತು. ಹಿಂದಿನಿಂದ ನೋಡಿದೆ. ಎಡಗಡೆ ಮೆಲ್ಲಗೆ ಇಳಿಯುತ್ತಿದೆ, ಬಲಗಡೆ ಹಾಗೇ ಇದೆ. ನೋಡನೋಡುತ್ತ ನಾಲ್ಕು ಬೆರಳು ಇಳಿಯಿತು. ಎರಡೂ ಬದಿಗೆ ಎಣ್ಣೆಯ ಒತ್ತಡದಿಂದ ಎತ್ತುವ ಸಿಲಿಂಡರುಗಳಿರುತ್ತವೆ. ಒಂದರಲ್ಲಿ ಎಣ್ಣೆ ಸೋರಿದರೆ ಆ ಬದಿ ಭಾರ ಹೊರುವುದಿಲ್ಲ. ಮತ್ತೆ ಒತ್ತಿಸಿದಾಗ ಪಂಪು, ಬೇಸಿಗೆಯಲ್ಲಿ ಬಾವಿ ನೀರು ತಳ ಮುಟ್ಟಿದಾಗ ಮೋಟಾರು ಅರಚುತ್ತದಲ್ಲ, ಹಾಗೆ ಅರಚಿತು.

"ಬ್ಯಾಟರಿ ವೀಕ್ ಇದೆ ಸರ್" ಅಂದ ಹುಡುಗ. ಎಂಜಿನ್ ಚಾಲೂ ಇದೆಯಲ್ಲ ಮಾರಾಯ, ಅಂದೆ. ಬ್ಯಾಟರಿ ವೀಕಾದರೆ ರೂಫು ನಿಲ್ಲುವುದು ಸುಳ್ಳಲ್ಲ. ಕೆಲವು ಕಾರಿನ ಡಿಕ್ಕಿಯಲ್ಲಿ ರೂಫು ಕೂರುವ ಜಾಗಕ್ಕೊಂದು ಪರದೆ ಇರುತ್ತದೆ, ಅದನ್ನು ಸರಿಯಾಗಿ ಕೂರಿಸದಿದ್ದರೂ ರೂಫು ಅಲುಗಾಡುವುದಿಲ್ಲ. ಅದಕ್ಕೆಲ್ಲ ಹೆದರಬೇಕಾಗಿಲ್ಲ. ಆದರೆ ಬ್ಯಾಟರಿ ವೀಕಾದರೆ ಒಂದೇ ಬದಿ ಯಾಕೆ ಇಳಿಯಬೇಕು?

ರೂಫು ಹಾಗೆ ಅರ್ಧಕ್ಕೆ ನಿಂತಿದ್ದಾಗಲೇ ಹಿಂದಿನ ಸೀಟಿಗೆ ಹತ್ತಿ ಬಟ್ಟೆ ನೋಡಿದೆ. ಇದು ನನ್ನ ಕೆಲಸ. ಎಡ ಮೂಲೆಯಲ್ಲಿ, ಹಿಂದಿನ ಗಾಜಿನ ಮೇಲೆ, ಮೂರು ಇಂಚು ಉದ್ದಕ್ಕೆ ಕೈಹೊಲಿಗೆ ಇತ್ತು. ಕಂಪನಿಯ ನೂಲು ದಪ್ಪ, ಮಂಕು ಕಪ್ಪು. ಇದು ಸಣ್ಣ ನೂಲು, ಬೆಳಕಿಗೆ ಮಿಂಚುತ್ತದೆ. ಮೇಲೆ ರಬ್ಬರ್ ಸೊಲ್ಯೂಷನ್ ಬಳಿದು ಕಪ್ಪು ಪಾಲಿಶ್ ಉಜ್ಜಿದ್ದಾರೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತದೆ. ಹೊಲಿದವನನ್ನು ಬೈಯಲಾರೆ. ರಿಕ್ಷಾ ಹುಡ್ ಹರಿದರೆ ನಾನೂ ಹೀಗೇ ಹಾಕಿಕೊಡುತ್ತೇನೆ. ಆದರೆ ರಿಕ್ಷಾ ಹುಡ್ ಗುಂಡಿ ಒತ್ತಿದಾಗೆಲ್ಲ ಮಡಚುವುದಿಲ್ಲವಲ್ಲ.

ಅಲ್ಲೇ ಪಕ್ಕದಲ್ಲಿ ಇಲಾಸ್ಟಿಕ್ ಪಟ್ಟಿಯೊಂದು ತುಂಡಾಗಿ ನೇತಾಡುತ್ತಿತ್ತು. ರೂಫು ಮಡಚುವಾಗ ಬಟ್ಟೆಯನ್ನು ಒಳಗೆಳೆದುಕೊಳ್ಳುವುದು ಈ ಪಟ್ಟಿಯೇ. ಪಟ್ಟಿ ಇಲ್ಲ, ಆ ಬದಿಯ ಸಿಲಿಂಡರೂ ಹಿಂದೆ ಬಿದ್ದಿದೆ. ರೂಫು ಓರೆಯಾಗಿ ಇಳಿದು, ಬಟ್ಟೆ ಕಬ್ಬಿಣದ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಹರಿದಿದೆ. ಹೊಲಿಗೆ ನಾನು ಇನ್ನೂ ಚೆಂದ ಹಾಕಬಲ್ಲೆ. ಆದರೆ ಸಿಲಿಂಡರು ಸರಿಯಾಗುವ ತನಕ ತಿಂಗಳಿಗೊಮ್ಮೆ ಹಾಕುತ್ತಲೇ ಇರಬೇಕು.

ಗೋವಾದಲ್ಲೇ ಹಿಂದೆ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಪುಟ್ಟ ಕಾರು ತಯಾರಾಗುತ್ತಿತ್ತು. ಫೈಬರ್ ಬಾಡಿ, ಕೈಯಿಂದಲೇ ತೆಗೆದು ಹಾಕುವ ಬಟ್ಟೆ ಹುಡ್. ಅಂಥದ್ದಾದರೆ ಇಷ್ಟು ತಲೆನೋವಿಲ್ಲ ಅಂತ ಅಳಿಯನಿಗೆ ಹೇಳಿದೆ. ಅವನು ನಗಲಿಲ್ಲ.

ಕೊನೆಗೆ ನೀರು. ಪೈಪ್ ಕೇಳಿದರೆ ಇಲ್ಲ ಅಂದರು. ಸರಿ, ನಮ್ಮ ಕುಡಿಯುವ ನೀರಿನ ಬಾಟಲಿ ತಂದೆ. ಹಿಂದಿನ ಸೀಟಿನ ಹಿಂದೆ, ರೂಫಿನ ಬುಡದಲ್ಲಿ, ಮಳೆನೀರು ಹರಿದುಹೋಗಲು ಒಂದು ಕಾಲುವೆ, ಎರಡೂ ತುದಿಗೆ ತೂತು ಇತ್ತು. ಬಲಗಡೆ ಸುರಿದದ್ದು ಚಕ್ರದ ಹತ್ತಿರ ನೆಲಕ್ಕೆ ಬಿತ್ತು. ಎಡಗಡೆ ಅರ್ಧ ಲೀಟರ್ ಸುರಿದೆ, ಒಂದು ಹನಿಯೂ ಹೊರಗೆ ಬರಲಿಲ್ಲ. ಕಸ ಕಟ್ಟಿಕೊಂಡಿದೆ. ಡಿಕ್ಕಿಯ ಕಾರ್ಪೆಟ್ ಎತ್ತಿದರೆ, ಆಷಾಢದಲ್ಲಿ ಮೂರು ದಿನ ಒಣಗದ ಬಟ್ಟೆಯ ವಾಸನೆ. ಈ ಕಾರಿನಲ್ಲಿ ಪಂಪು ಇರುವುದೂ ಅದೇ ಮೂಲೆಯಲ್ಲಿ. ವೈರಿನ ತುದಿಗಳಿಗೆ ಹಸಿರು ಕಿಲುಬು ಹಿಡಿದಿದೆ. ಬಿಳಿ ಬನಿಯನ್ ಚಿಂದಿಯಿಂದ ಪಂಪಿನ ಕೆಳಗೆ ಒರೆಸಿದೆ. ಎಣ್ಣೆ ಅಂಟಿಕೊಂಡು ಬಂತು.

ಕಂಪ್ಯೂಟರ್ ಸ್ಕ್ಯಾನರ್ ಹಾಕಿಸಿ ನೋಡೋಣ ಅಂದೆವು. ಮುಂದಿನ ವಾರ ಅಂದರು. ಕರೆಂಟ್ ಇಲ್ಲದಾಗ ರೂಫನ್ನು ಕೈಯಿಂದ ಮುಚ್ಚುವ ಕೀಲಿ ಕೇಳಿದೆ, ಅದೂ ಸಿಗಲಿಲ್ಲ. ನಡುರಸ್ತೆಯಲ್ಲಿ ಮಳೆ ಹಿಡಿದರೆ ಬೇಕಾಗುವುದು ಅದೊಂದೇ. 50 ಸಾವಿರ ಕಡಿಮೆ ಮಾಡುತ್ತೇವೆ ಅಂದರು. ಪಂಪು, ಸಿಲಿಂಡರು, ಬಟ್ಟೆ ಮೂರೂ ಅದರಲ್ಲಿ ಮುಗಿಯುವ ಮಾತೇ ಅಲ್ಲ. ಮೇಲೆ ಗೋವಾ ಗಾಡಿಗೆ ನಮ್ಮ ಕಾರವಾರದ ಕೆಎ-30 ನಂಬರು ಮಾಡಿಸಲು ಎನ್‌ಒಸಿ, ಟ್ಯಾಕ್ಸ್ ಬೇರೆ.

ಒಳ್ಳೆಯದನ್ನೂ ಹೇಳಬೇಕು. ಟೈರು ಹೊಸದು, ಸೀಟಿನ ಚರ್ಮ ಎಲ್ಲೂ ಒಡೆದಿಲ್ಲ, ಎಂಜಿನ್ ಸದ್ದಿಲ್ಲದೆ ಓಡುತ್ತದೆ. ಹುಡುಗನೂ ಪಾಪ, ನಾನು ಇಷ್ಟೆಲ್ಲ ಬಿಚ್ಚಿ ನೋಡಿದರೂ ಮುಖ ಸಿಂಡರಿಸಲಿಲ್ಲ, ಚಹಾ ತರಿಸಿದ. ಅಂಗಡಿಗೆ ಐದಕ್ಕೆ ಮೂರು ಕೊಡುತ್ತೇನೆ. ರೂಫಿಗೆ ಒಂದು.

ಕಾಣಕೋಣ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ನನ್ನ ಹಳೇ ಓಮ್ನಿಯ ಬಾಗಿಲಿನಿಂದ ಅಳಿಯನ ಪ್ಯಾಂಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವನು ಮಾತಾಡಲಿಲ್ಲ. ನಿನ್ನೆ ಮತ್ತೊಂದು ಕಾರಿನ ಹದಿನಾಲ್ಕು ಫೋಟೋ ಕಳಿಸಿದ್ದಾನೆ, ಇದು ಪುಣೆಯದಂತೆ. ಎಲ್ಲದರಲ್ಲೂ ರೂಫು ತೆರೆದೇ ಇದೆ. ಅರ್ಧಕ್ಕೆ ನಿಲ್ಲಿಸಿ, ಹಿಂದಿನಿಂದ ವಿಡಿಯೋ ಮಾಡಿ ಕಳಿಸಲು ಹೇಳು ಅಂದಿದ್ದೇನೆ. ಇನ್ನೂ ಬಂದಿಲ್ಲ.