ಖಾನ್ ಅಕಾಡೆಮಿಯ ಗಣಿತ: ಊಹಿಸಿ ಒತ್ತಿದರೆ ನಡೆಯೋದಿಲ್ಲ

ಮಕ್ಕಳ ಗಣಿತದ ಆ್ಯಪ್ ಕೈಗೆ ಸಿಕ್ಕರೆ ನಾನು ಮೊದಲು ಪ್ರಶ್ನೆ ಓದದೇ ಉತ್ತರ ಒತ್ತುತ್ತಾ ಹೋಗುತ್ತೇನೆ. ಹಾಸನದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುವವಳು, ಗಾಳಿಯಲ್ಲಿ ಗುಂಡು ಹೊಡೆಯುವ ಮಕ್ಕಳನ್ನು ದಿನಾ ನೋಡುತ್ತೇನಲ್ಲ! ದುಡ್ಡು ಕೊಟ್ಟು ಹಾಕಿಸಿಕೊಂಡ ಒಂದು ಆ್ಯಪ್ (ಹೆಸರು ಬೇಡ ಬಿಡಿ) ಹೀಗೆ ಕಣ್ಣುಮುಚ್ಚಿ ಒತ್ತಿದ್ದಕ್ಕೇ ರಾಕೆಟ್ ಹಾರಿಸಿ, ಭಿನ್ನರಾಶಿ ಚಾಂಪಿಯನ್ ಅಂತ ಪದಕ ಕೊಟ್ಟಿತು. ಇರುವುದು ನಾಲ್ಕು ಆಯ್ಕೆ, ತಪ್ಪಾದರೆ ಮತ್ತೆ ಒತ್ತಬಹುದು. ಪದಕ ಬಾರದೆ ಇನ್ನೇನು?

ಇಂಟರ್ನೆಟ್ಟಿನಲ್ಲಿ ಪಾಠ, ಅಭ್ಯಾಸ ಕೊಡುವ ಖಾನ್ ಅಕಾಡೆಮಿ ಈ ವಿಷಯದಲ್ಲಿ ಬಿಗಿ. ಎಷ್ಟೋ ಕಡೆ ಉತ್ತರವನ್ನು ನಾವೇ ಟೈಪ್ ಮಾಡಬೇಕು. ಸುಳಿವು ನೋಡಿದರೆ ಆ ಪ್ರಶ್ನೆ ಸರಿಯ ಲೆಕ್ಕಕ್ಕೆ ಬರುವುದಿಲ್ಲ. ಅಭ್ಯಾಸದಲ್ಲಿ ಶೇ. 70 ಸರಿಯಾದರೆ 'ಫೆಮಿಲಿಯರ್' (ಪರಿಚಯವಿದೆ) ಎಂಬ ಮಟ್ಟ, ಪೂರ್ತಿ ಸರಿಯಾದರೆ 'ಪ್ರೊಫಿಶಿಯಂಟ್' (ಚೆನ್ನಾಗಿ ಬರುತ್ತದೆ). ಎಲ್ಲಕ್ಕಿಂತ ಮೇಲಿನ 'ಮಾಸ್ಟರ್ಡ್' (ಕರಗತ) ಆಗಬೇಕಾದರೆ ಅದೇ ಅಭ್ಯಾಸವನ್ನು ತಿರುಗಿ ಮಾಡಿದರೆ ಸಾಲದು. ಘಟಕ ಪರೀಕ್ಷೆಯಂಥ ಕಡೆ, ಬೇರೆ ಲೆಕ್ಕಗಳ ನಡುವೆ ಅದು ಬಂದಾಗ ಬಿಡಿಸಬೇಕು. ಅಲ್ಲಿ ತಪ್ಪಿದರೆ ಮಟ್ಟ ಇಳಿಯುತ್ತದೆ. "ಅತ್ತೆ, ಕೊಟ್ಟಿದ್ದನ್ನ ವಾಪಸ್ ತಗೊಳ್ತಾರಾ?" ಅಂತ ಅಣ್ಣನ ಮಗಳು ಮುಖ ಊದಿಸಿಕೊಂಡಳು. ನನಗೋ ಖುಷಿ. ಶುಕ್ರವಾರ ಬಂದದ್ದು ಸೋಮವಾರಕ್ಕೆ ಮರೆತುಹೋದರೆ ಅದನ್ನು ಕಲಿತದ್ದು ಅನ್ನಲಾದೀತೇ?

ಆದರೆ 1/2 + 1/3 ನೋಡಿ. ಅಣ್ಣನ ಮಗಳು ಬರೆದದ್ದು 2/5. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಟ್ಟಿದ್ದಾಳೆ. ಪಕ್ಕದ ಹುಡುಗ 4/6 ಬರೆದ. ಅವನು ಲಸಾಅ ಸರಿಯಾಗಿ ತೆಗೆದು, ಮೂರು-ಎರಡು ಕೂಡಿಸುವಾಗ ಎಡವಿದ್ದ. ಖಾನ್ ಅಕಾಡೆಮಿಯ ಮಟ್ಟದ ಲೆಕ್ಕಕ್ಕೆ ಎರಡೂ ಬರೀ ತಪ್ಪು. ಪಾಠ ಹೇಳುವವರಿಗೆ ಹಾಗಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಾದ ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದಲ್ಲೇ, ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ತಂತ್ರಾಂಶಕ್ಕಾಗಿ, ಇದಕ್ಕೊಂದು ದಾರಿ ಹುಡುಕಿದ್ದರು. ಒಂದೊಂದು ನಿಯಮಕ್ಕೂ ಬೇರೆ ಲೆಕ್ಕ: ಮೊದಲೇ ಗೊತ್ತಿತ್ತಾ, ಈ ಸಲ ಕಲಿತಿರಬಹುದಾ, ಗೊತ್ತಿಲ್ಲದೆ ಊಹೆಯಲ್ಲಿ ಗೆದ್ದನಾ, ಗೊತ್ತಿದ್ದೂ ಕೈತಪ್ಪಿತಾ. ಈ ನಾಲ್ಕರ ಸಂಭವನೀಯತೆಯಿಂದ ಮಗುವಿಗೆ ಆ ನಿಯಮ ಎಷ್ಟು ಬರುತ್ತದೆ ಎಂಬ ಅಂದಾಜು ಪ್ರತಿ ಉತ್ತರಕ್ಕೂ ಬದಲಾಗುತ್ತದೆ, 0.95 ತಲುಪಿದರೆ ಬಂತು ಅಂತ. ಲಸಾಅದ ಲೆಕ್ಕವೇ ಬೇರೆ, ಕೂಡುವ ಲೆಕ್ಕವೇ ಬೇರೆ ಆದಾಗ 4/6 ಬರೆದವನಿಗೆ ಲಸಾಅ ಮತ್ತೆ ಮೊದಲಿಂದ ಹೇಳುವ ಕೆಲಸ ಇರುವುದಿಲ್ಲ.

ಖಾನ್ ಅಕಾಡೆಮಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಉಚಿತ, ಕನ್ನಡದಲ್ಲೂ ಇದೆ, ಆರರಿಂದ ಎಂಟನೇ ತರಗತಿಯವರಿಗೆ ಧೈರ್ಯವಾಗಿ ಕೊಡಬಹುದು. ಫೋನಿನ ಜೊತೆಗೆ ರಫ್ ನೋಟ್‌ಬುಕ್ಕನ್ನೂ ಕೊಡಿ, 2/5 ಎಲ್ಲಿಂದ ಬಂತು ಅನ್ನುವುದು ಅದರಲ್ಲೇ ಸಿಗುವುದು.