ಹಿರೋಶಿಮಾ, ಮಿಯಾಜಿಮಾ: ಅರ್ಧ ದಿನದ ಪ್ಯಾಕೇಜಿಗೆ ಒಪ್ಪಬೇಡಿ

ಜಪಾನ್ ಪ್ಯಾಕೇಜ್ ಅಂದರೆ ಟೋಕಿಯೋ, ಕ್ಯೋಟೋ, ಒಸಾಕಾ, ಸಮಯ ಉಳಿದರೆ ಅರ್ಧ ದಿನ ಹಿರೋಶಿಮಾ. ಮಂಗಳೂರಿನ ಟ್ರಾವೆಲ್ಸ್‌ನವರೊಬ್ಬರು ನಮಗೂ ಹಾಗೇ ಬರೆದುಕೊಟ್ಟಿದ್ದರು. ಜಗಳ ಮಾಡಿ ಬದಲಿಸಿದೆವು, ಒಳ್ಳೆಯದೇ ಆಯಿತು.

ಮುಖ್ಯ ಕಾರಣ ಹಿರೋಶಿಮಾ ಪಕ್ಕದ ಮಿಯಾಜಿಮಾ ದ್ವೀಪ. ಸಮುದ್ರದಲ್ಲಿ ನಿಂತ ಕೆಂಪು ಟೋರಿ, ಅಂದರೆ ಜಪಾನಿ ದೇವಸ್ಥಾನದ ಹೆಬ್ಬಾಗಿಲಿನ ಫೋಟೊ ನೋಡಿರುತ್ತೀರಿ ಅಲ್ವಾ, ಅದು ಇಲ್ಲೇ. ಎತ್ತರ 16 ಮೀಟರಿಗಿಂತ ಜಾಸ್ತಿ, ಈಗ ಇರುವುದು 1875ರಲ್ಲಿ ಕಟ್ಟಿದ್ದು. ಕಂಬಗಳನ್ನು ನೆಲದೊಳಗೆ ಹೂತಿಲ್ಲ. ಮೇಲಿನ ಅಡ್ಡ ತೊಲೆಯೊಳಗೆ ಕಲ್ಲು ತುಂಬಿಸಿ, ಬರೀ ತನ್ನ ಭಾರದಿಂದಲೇ ನಿಲ್ಲುವ ಹಾಗೆ ಮಾಡಿದ್ದಾರೆ. ಉಬ್ಬರದಲ್ಲಿ ಬಾಗಿಲು ನೀರಿನ ಮೇಲೆ ತೇಲಿದ ಹಾಗೆ ಕಾಣುತ್ತದೆ, ಇಳಿತದಲ್ಲಿ ಕೆಸರು ಮರಳು ತುಳಿದುಕೊಂಡು ಕಂಬದ ಬುಡದವರೆಗೆ ನಡೆದೇ ಹೋಗಿ, ಅಲ್ಲಿ ಅಂಟಿರುವ ಚಿಪ್ಪುಗಳನ್ನು ಮುಟ್ಟಿ ನೋಡಬಹುದು. ನಮ್ಮ ಪಣಂಬೂರು ಬೀಚಿನಲ್ಲಿ ಕಾಣುವ ಏರಿಳಿತಕ್ಕಿಂತ ಅಲ್ಲಿ ತುಂಬಾ ಜಾಸ್ತಿ. ಬೆಂಗ್ರೆ ಕಡೆಯ ಮೀನುಗಾರರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ, ಉಳಿದವರು ಉಬ್ಬರ ಇಳಿತದ ಸಮಯ ನೋಡಿಯೇ ಹೊರಡಿ. ಎರಡೂ ಕಾಣಬೇಕಾದರೆ ಸಂಜೆವರೆಗೆ ಇರಲೇಬೇಕು. ಸಂಜೆಗೆ ಜನ ಖಾಲಿ. ಅಂಗಡಿಗಳೂ ಬೇಗ ಮುಚ್ಚುತ್ತವೆ, ತಿಂಡಿ ಮೊದಲೇ ತಗೊಳ್ಳಿ. ಜಿಂಕೆಗಳು ಹತ್ತಿರ ಬಂದು ಕೈಯಲ್ಲಿರುವ ಮ್ಯಾಪನ್ನೂ ಬಿಡುವುದಿಲ್ಲ!

ದೋಣಿಗೆ ಹತ್ತೇ ನಿಮಿಷ. ಟಿಕೆಟ್ ಜೊತೆ 100 ಯೆನ್ ಪ್ರವಾಸಿ ತೆರಿಗೆಯನ್ನೂ ತಗೊಳ್ಳುತ್ತಾರೆ.

ಇನ್ನು ಹಿರೋಶಿಮಾ ಊರಿನ ಒಳಗೆ. 1945ರ ಆಗಸ್ಟ್ 6ರಂದು ಅಣುಬಾಂಬ್ ಹೆಚ್ಚುಕಡಿಮೆ ನೆತ್ತಿಯ ಮೇಲೇ ಸಿಡಿದರೂ ಗುಮ್ಮಟದ ಕಟ್ಟಡ ಪೂರ್ತಿ ಬೀಳಲಿಲ್ಲ, ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಎದುರಿನ ಪಾರ್ಕಿನಲ್ಲಿರುವ ಮ್ಯೂಸಿಯಮ್ಮಿಗೆ ಟಿಕೆಟ್ ಬರೀ 200 ಯೆನ್. ಒಳಗೆ ರಶ್ಶೋ ರಶ್ಶು, ಬೆಳಗ್ಗೆ ಬೇಗ ಹೋಗಿ. ಮಗುವೊಂದರ ಸುಟ್ಟುಹೋದ ಸೈಕಲ್, ಕರಕಲಾದ ಊಟದ ಡಬ್ಬಿ ನೋಡಿದ ಮೇಲೆ ನನ್ನ ಗಂಡ ಫೋನ್ ಕಿಸೆಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ ಅಂತ ಯೋಚನೆ ಮಾಡಿ. ನನಗೆ ಆಶ್ಚರ್ಯ ಆದದ್ದು ಟ್ರಾಮ್. ಬಾಂಬ್ ಬಿದ್ದು ಮೂರೇ ದಿನಕ್ಕೆ ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡಿತ್ತಂತೆ, ಆಗಿನ ಗಾಡಿಗಳಲ್ಲಿ ಕೆಲವು ಇನ್ನೂ ಇವೆ. ಟ್ರಾಮಿನಲ್ಲೇ ಮಿಯಾಜಿಮಾ ದೋಣಿಕಟ್ಟೆವರೆಗೂ ಹೋಗಬಹುದು, ಆದರೆ ನಿಧಾನ. ಅವಸರ ಇದ್ದರೆ ರೈಲು ಹಿಡಿಯಿರಿ.

ಊಟ? ಒಕೊನೊಮಿಯಾಕಿ ತಿನ್ನಿ. ನೀರ್ ದೋಸೆ ಹಾಗೆ ತೆಳ್ಳಗೆ ಹಿಟ್ಟು ಹರಡಿ, ಅದರ ಮೇಲೆ ಗುಡ್ಡೆ ಕೋಸು, ನೂಡಲ್ಸ್, ಮೊಟ್ಟೆ. ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ, ಬೇಡವಾದರೆ ಮೊದಲೇ ಹೇಳಿ. ಮರುವಾಯಿ (ಚಿಪ್ಪುಮೀನು) ತಿಂದು ಬೆಳೆದವರು ಅಲ್ಲಿಯ ಸುಟ್ಟ ಸಿಂಪಿ ಬಿಡಬೇಡಿ, ಜಪಾನಿನಲ್ಲಿ ಅತಿ ಹೆಚ್ಚು ಸಿಂಪಿ ಬೆಳೆಸುವುದು ಇದೇ ಜಿಲ್ಲೆ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ತರಕಾರಿ ಸಾರಿಗೂ ಒಣಮೀನಿನ ರಸ ಹಾಕುತ್ತಾರೆ, ಎಲೆ ಆಕಾರದ ಮೊಮಿಜಿ ಮಂಜು ಸಿಹಿಯ ಹಿಟ್ಟಿನಲ್ಲೂ ಮೊಟ್ಟೆ ಇದೆ. ಅತ್ತೆ ಮಾವನ ಜೊತೆ ಹೋಗುವವರು ಅವಲಕ್ಕಿ, ಚಟ್ನಿಪುಡಿ ಬ್ಯಾಗಿಗೆ ಹಾಕಿಕೊಳ್ಳಿ.